ತಂಗಿಯ ತಲೆಯ ಮೇಲಿದ್ದ ಎರಡು ಟ್ಯೂಬ್‌ಲೈಟು

ವಯಸ್ಸು ನಲವತ್ತಮೂರು, ಸಿದ್ಧ ಉಡುಪು ಕಾರ್ಖಾನೆಯಲ್ಲಿ ಕರೆಂಟಿನ ಕೆಲಸ, ವಾಸ ಅದೇ ಕಾರ್ಖಾನೆಯ ಹಿಂದಿನ ಓಣಿಯ ಕೊನೆಯ ಮನೆ, ಎಲ್ಲರೂ ಕರೆಂಟಣ್ಣ ಎಂದು ಕರೆಯುವ ನಾನು, ಈ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಠಾಣೆಗೆ ಹಾಜರಾಗಿ, ಕಾರ್ಖಾನೆಯ ಧಣಿಗಳು ಕೊಟ್ಟಿರುವ ದೂರಿನ ಬಗ್ಗೆ ನನ್ನ ಬಾಯಿಂದಲೇ ಹೇಳಿ ಬರೆಸುವುದೇನೆಂದರೆ:

ನನ್ನ ತಂಗಿ ಸದರಿ ಕಾರ್ಖಾನೆಯ ಇಸ್ತ್ರಿ ವಿಭಾಗದಲ್ಲಿ ಕೆಲಸಕ್ಕಿದ್ದಳು. ನಮಗೆ ತಂದೆ ತಾಯಿ ಇರುವುದಿಲ್ಲ. ಅವಳಿಗೆ ಜಡೆ ಹೆಣೆದು ಶಾಲೆಗೆ ಬಿಟ್ಟು ಬರುತ್ತಿದ್ದವನು ನಾನೇ. ಚಿಕ್ಕಂದಿನಲ್ಲಿ ಅವಳಿಗೆ ಮೂರ್ಛೆ ಬರುತ್ತಿತ್ತು. ಔಷಧಿಯಿಂದ ನಿಂತಿತ್ತು. ಮಿಣುಕುವ ಬೆಳಕಿನ ಕೆಳಗೆ ಮಾತ್ರ ಇರಕೂಡದು ಎಂದು ವೈದ್ಯರು ಹೇಳಿದ್ದರು. ಕೆಲಸಕ್ಕೆ ಸೇರುವಾಗಲೇ ಈ ಸಂಗತಿಯನ್ನು ಧಣಿಗಳಿಗೆ ತಿಳಿಸಿದ್ದೆವು. ಅವರು ಹೂಂ ಎಂದಿದ್ದರು.

ಬೇಸಿಗೆಯ ಕೊನೆಗೆ ಅವಳ ಮೇಜಿನ ಮೇಲಿನ ಎರಡು ಟ್ಯೂಬ್‌ಲೈಟುಗಳು ಪಕಪಕ ಹೊತ್ತಿ ಆರತೊಡಗಿದವು. ನಾನು ಟ್ಯೂಬು ಬದಲಿಸಿದೆ. ಸ್ಟಾರ್ಟರ್ ಬದಲಿಸಿದೆ. ಸಡಿಲವಾಗಿದ್ದ ಹೋಲ್ಡರ್ ಬಿಗಿ ಮಾಡಿದೆ. ಒಂದೆರಡು ದಿನ ಸುಮ್ಮನಿದ್ದು ಮತ್ತೆ ಅದೇ ರಾಗ. ಚೋಕ್ ಸುಟ್ಟು ವಾಸನೆ ಬರುತ್ತಿದ್ದುದರಿಂದ ಇಡೀ ಸೆಟ್ ಬದಲಿಸಬೇಕೆಂದು ಧಣಿಗಳಿಗೆ ಹೇಳಿದೆ. ಪೂರ್ತಿ ಆರಿಹೋದ ಮೇಲೆ ಬಂದು ಹೇಳು ಎಂದರು. ತಂಗಿಯೂ ಹೋಗಿ, ತನ್ನ ಮೇಜನ್ನು ಬೇರೆ ಕಡೆಗೆ ಸರಿಸಿಕೊಡಿ ಎಂದು ಕೇಳಿದಳು. ಜಾಗ ಬದಲಿಸುವುದನ್ನೆಲ್ಲ ಗಂಡನ ಮನೆಗೆ ಹೋದ ಮೇಲೆ ಮಾಡಿಕೋ ಎಂದು ಅವರು ನಕ್ಕರಂತೆ.

ಮರುವಾರ ಮಧ್ಯಾಹ್ನ ಊಟದ ಗಂಟೆಗೆ ಸ್ವಲ್ಪ ಮುಂಚೆ ಅವಳು ಇಸ್ತ್ರಿ ಪೆಟ್ಟಿಗೆ ಹಿಡಿದಿದ್ದಾಗಲೇ ಮೂರ್ಛೆ ಬಂತು. ನಾನು ಆಗ ಮೋಟಾರು ಕೋಣೆಯಲ್ಲಿದ್ದೆ. ಗುಂಡಿ ಹಾಕುವ ವಿಭಾಗದ ಹಿರಿಯ ಹೆಂಗಸು, ನಾವೆಲ್ಲ ಗುಂಡಿ ಅಕ್ಕ ಎನ್ನುವವರು, ಓಡಿ ಹೋಗಿ ಇಸ್ತ್ರಿ ಪೆಟ್ಟಿಗೆ ಎತ್ತುವಷ್ಟರಲ್ಲಿ ಅದರ ಕೆಳಗೆ ಸಿಕ್ಕಿದ್ದ ತಂಗಿಯ ಬಲ ಅಂಗೈ ಸುಟ್ಟುಹೋಗಿತ್ತು. ನಾನು ಬಂದಾಗ ಗುಂಡಿ ಅಕ್ಕ ಅವಳ ಕೈಯನ್ನು ನೀರಿನ ಬಕೆಟ್ಟಿನಲ್ಲಿ ಅದ್ದಿ ಹಿಡಿದುಕೊಂಡಿದ್ದರು. ತಂಗಿಗೆ ಇನ್ನೂ ಎಚ್ಚರವಾಗಿರಲಿಲ್ಲ. ದೀಪಗಳು ಹಾಗೆಯೇ ಮಿಣುಕುತ್ತಿದ್ದವು. ಆ ಕೈಯ ಮೂರು ಬೆರಳುಗಳು ಮಡಚಿಕೊಂಡು ನಿಂತಿವೆ. ಇನ್ನು ನೆಟ್ಟಗಾಗುವುದಿಲ್ಲವೆಂದು ಆಸ್ಪತ್ರೆಯಲ್ಲಿ ಹೇಳಿರುತ್ತಾರೆ.

ರೋಗ ಮುಚ್ಚಿಟ್ಟು ಕೆಲಸಕ್ಕೆ ಸೇರಿದಳೆಂದು ಧಣಿಗಳು ಅವಳನ್ನು ಕೆಲಸದಿಂದ ಬಿಡಿಸಿದರು. ನಾನು ಅವರ ಕೋಣೆಗೆ ಹೋಗಿ, ಮೊದಲೇ ಹೇಳಿದ್ದೆವಲ್ಲ ಎಂದೆ. ಅವರು ತಲೆ ಎತ್ತದೆ ಹೇಳಿದ ಮಾತು ಇದು: "ರೋಗ ನಿನ್ನ ತಂಗೀದು. ದೀಪ ನಂದು. ನನ್ನ ದೀಪ ಸರಿಯಾಗೇ ಇದೆ."

ನಾನು ಆಗಲಿ ಎಂದು ಹೊರಗೆ ಬಂದೆ. ಸರಿಯಾಗಿದ್ದ ಮೇಲೆ ಆ ದೀಪಗಳು ಅವರ ತಲೆಯ ಮೇಲೇ ಇರಲಿ ಎಂದು ಆಗಲೇ ಮನಸ್ಸಿಗೆ ಬಂತು.

ರಜೆಯ ದಿನ ಹಗಲಿನಲ್ಲಿ ಮಾಮೂಲಿ ದುರಸ್ತಿಗೆಂದು ಬೀಗದ ಕೈ ಪಡೆದು, ಇಸ್ತ್ರಿ ಮೇಜಿನ ಮೇಲಿನ ಎರಡೂ ಸೆಟ್ ಬಿಚ್ಚಿ ಧಣಿಗಳ ಕೋಣೆಗೆ ಕಟ್ಟಿದೆ. ಅವರ ಕೋಣೆಯ ಒಳ್ಳೆಯ ಸೆಟ್‌ಗಳನ್ನು ತಂದು ಇಸ್ತ್ರಿ ಮೇಜಿನ ಮೇಲೆ ಹಾಕಿದೆ. ಅವರ ಕೋಣೆಗೆ ಕಿಟಕಿ ಇರುವುದಿಲ್ಲ. ಹಗಲಿನಲ್ಲೂ ದೀಪ ಬೇಕು.

ಮಾರನೆಯ ದಿನ ಹತ್ತು ಗಂಟೆಗೇ ಕರೆ ಬಂತು. ನಾನು ಏಣಿ ತಂದು, ಸ್ಟಾರ್ಟರ್ ಬಿಚ್ಚಿ, ಒರೆಸಿ, ಅದನ್ನೇ ಮತ್ತೆ ಹಾಕಿ, ನೋಡೋಣ ಧಣಿ ಎಂದೆ. ಅದರ ಮಾರನೆಯ ದಿನ ಟ್ಯೂಬನ್ನು ಹಿಂದುಮುಂದಾಗಿ ತಿರುಗಿಸಿದೆ. ಆಮೇಲೆ ಸ್ವಿಚ್ಚು ಬಿಚ್ಚಿ ಗಾಳಿ ಊದಿದೆ. ತಂಗಿಯ ಮೇಜಿನ ಬಳಿ ಮನಸ್ಸಿಟ್ಟು ಮಾಡಿದ್ದನ್ನೆಲ್ಲ ಇಲ್ಲಿ ಮನಸ್ಸಿಲ್ಲದೆ ಮಾಡಿದೆ. ಅವರಿಗೆ ತಲೆನೋವು ಹಿಡಿಯಿತು. ಫೋನಿನಲ್ಲಿ ಸ್ವಂತ ಭಾವಮೈದುನನ ಮೇಲೇ ರೇಗಿದರು. ನಾಲ್ಕನೆಯ ದಿನ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು. ಹೆಂಗಸರು ಬಾಗಿಲ ಸಂದಿಯಿಂದ ನೋಡಿ ಹೋಗುತ್ತಿದ್ದರು. ಗುಂಡಿ ಅಕ್ಕ ನನ್ನನ್ನು ತಡೆದು, ನಮ್ಮ ತಲೆ ಮೇಲಿದ್ದ ದೀಪಕ್ಕೆ ಬಡ್ತಿ ಸಿಕ್ಕಿತೇನಪ್ಪ ಎಂದು ಕೇಳಿದರು. ನಾನು ಏಣಿ ಹೆಗಲಿಗೇರಿಸಿಕೊಂಡು ಮುಂದೆ ಹೋದೆ. ನನಗೆ ಸಂತೋಷವಾಗಿತ್ತೆಂದು ಇಲ್ಲಿ ಬರೆಸುತ್ತೇನೆ. ತಂಗಿಯ ಕೈ ಸುಟ್ಟ ಮೇಲೆ ಮೊದಲ ಬಾರಿಗೆ ಅಂದು ಹೊಟ್ಟೆ ತುಂಬ ಉಂಡೆ.

ಐದನೆಯ ದಿನ, ಅಂದರೆ ಮೊನ್ನೆ, ಮಧ್ಯಾಹ್ನ ಮೂರು ಗಂಟೆಗೆ ಧಣಿಗಳು ನನ್ನನ್ನು ಕರೆಸಿ, ನಾಳೆ ಹೊರಗಿನವರನ್ನು ಕರೆಸುತ್ತೇನೆ, ನೀನು ದಂಡಪಿಂಡ ಎಂದು ಬೈದರು. ಅವರ ಕಣ್ಣುಗಳು ಕೆಂಪಾಗಿದ್ದವು. ಇದು ದೀಪವೋ ಪಿಶಾಚಿಯೋ, ಇದರ ಕೆಳಗೆ ಮನುಷ್ಯರು ಕೂರುವುದುಂಟೇ ಎಂದರು. ಈ ಮಾತಿಗಾಗಿಯೇ ನಾನು ಕಾದಿದ್ದೆ.

"ನನ್ನ ತಂಗಿ ನಿಂತಿದ್ಲು ಧಣಿ," ಎಂದೆ. "ಇವು ಅವಳ ತಲೆ ಮೇಲಿದ್ದ ದೀಪ. ಸರಿಯಾಗೇ ಇದೆ ಅಂತ ನೀವೇ ಹೇಳಿದ್ರಿ."

ಅವರು ತಲೆ ಎತ್ತಿ ದೀಪಗಳನ್ನು ನೋಡಿದರು. ನಂತರ ಅವಳ ಬಗ್ಗೆ ಒಂದು ಮಾತು ಆಡಿದರು. ಅದನ್ನು ನಾನು ಬರೆಸುವುದಿಲ್ಲ. ನಾನೇ ದೀಪ ಕಿತ್ತು ಬಿಸಾಡುತ್ತೇನೆಂದು ತಮ್ಮ ಕುರ್ಚಿಯ ಮೇಲೆ ಹತ್ತಿದರು. ಅದು ಚಕ್ರದ ಕುರ್ಚಿ. ನನ್ನ ಏಣಿ ಬಾಗಿಲಲ್ಲೇ ಒರಗಿತ್ತು. ಅದನ್ನು ಅವರು ಕೇಳಲಿಲ್ಲ, ನಾನೂ ಕೊಡಲಿಲ್ಲ. ಕುರ್ಚಿ ಹಿಡ್ಕೊಳೋ ಎಂದರು. ನಾನು ಎರಡು ಅಡಿ ದೂರದಲ್ಲಿದ್ದೆ. ಹಿಡಿದುಕೊಳ್ಳಲಿಲ್ಲ, ಕೈ ಕಟ್ಟಿಕೊಂಡು ನಿಂತೆ. ಅವರು ಎರಡೂ ಕೈಗಳಿಂದ ಟ್ಯೂಬನ್ನು ಜಗ್ಗಿದಾಗ ಕುರ್ಚಿ ಹಿಂದಕ್ಕೆ ಓಡಿತು. ಬಿದ್ದು ಬಲ ಮುಂಗೈ ಮುರಿಯಿತು.

ನಾನು ಅವರನ್ನು ತಳ್ಳಿರುವುದಿಲ್ಲ, ಕುರ್ಚಿಯನ್ನು ಒದ್ದಿರುವುದೂ ಇಲ್ಲ. ಕರೆಂಟು ಆರಿಸಿ, ಗಾಜಿನ ಚೂರು ಬದಿಗೆ ಸರಿಸಿ, ಗಾಡಿ ತರಿಸಿ ಆಸ್ಪತ್ರೆಗೆ ಸೇರಿಸಿದವನು ನಾನೇ. ದಾರಿಯಲ್ಲಿ ಅವರು ನೋವಿಗೆ ನನ್ನ ಭುಜ ಹಿಡಿದುಕೊಂಡಿದ್ದರು. ನಾನು ಬಿಡಿಸಿಕೊಳ್ಳಲಿಲ್ಲ.

ಸಂಜೆ ಮನೆಗೆ ಹೋಗಿ ತಂಗಿಗೆ ನಡೆದದ್ದನ್ನು ಹೇಳಿದೆ. ಅವಳು ಎಡಗೈಯಲ್ಲಿ ತಟ್ಟೆ ತೊಳೆಯುತ್ತಿದ್ದಳು. ಅವರ ಕೈ ಸರಿಹೋಗುತ್ತದೆಯೇ ಎಂದು ಕೇಳಿದಳು. ಆರು ವಾರ ಕಟ್ಟು ಹಾಕಿದರೆ ಸರಿಹೋಗುತ್ತದಂತೆ ಎಂದೆ. ತಟ್ಟೆಯನ್ನು ಗೋಡೆಗೆ ಒರಗಿಸಿ, "ಹಂಗಾದ್ರೆ ಇನ್ನೂ ಸಮ ಆಗಿಲ್ಲ ಅಣ್ಣ," ಎಂದಳು. ಅವಳು ಅಂಥ ಮಾತಾಡಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ರಾತ್ರಿಯೆಲ್ಲ ನನಗೆ ನಿದ್ದೆ ಬರಲಿಲ್ಲ.

ಈ ಹೇಳಿಕೆಯನ್ನು ನನಗೆ ಓದಿ ಹೇಳಿರುತ್ತಾರೆ. ಬರೆದುಕೊಂಡ ಪೇದೆಯವರು ಒಳ್ಳೆಯವರು. ನನಗೆ ಅನುಕೂಲವಾಗಲೆಂದು ಒಂದು ಕಡೆ 'ಕುರ್ಚಿ ಹಿಡಿದುಕೊಳ್ಳಲು ಆಗಲಿಲ್ಲ' ಎಂದು ಬರೆದಿದ್ದರು. ಅದನ್ನು ಹೊಡೆದುಹಾಕಿಸಿ, 'ಹಿಡಿದುಕೊಳ್ಳಲಿಲ್ಲ' ಎಂದು ನಾನೇ ತಿದ್ದಿಸಿರುತ್ತೇನೆ. ಉಳಿದದ್ದು ನಾನು ಹೇಳಿದಂತೆಯೇ ಇದೆ, ನಿಜವಾಗಿದೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಹೇಳಿಕೆ ಕೊಟ್ಟ ಇದೇ ದಿನ
ಸಹಿ: ಕರೆಂಟಣ್ಣ