ಐದನೇ ಗ್ರೀನಿಗೆ ಸಿಹಿನೀರು

ಈ ಸಭೆಯ ಅಧ್ಯಕ್ಷರೂ ಕ್ಲಬ್ಬಿನ ಕ್ಯಾಪ್ಟನ್ನರೂ ಆದ ಇವಾನ್ ಪೇಟರ್ಸನ್ ಅವರೇ, ಪಕ್ಕದ ದ್ವೀಪದಿಂದ ದೋಣಿ ಹಿಡಿದು ಬಂದಿರುವ ಅತಿಥಿಗಳೇ, ಈ ವರ್ಷ ಬೆಳ್ಳಿ ಬಟ್ಟಲು ಗೆದ್ದವರೇ, ಏನೂ ಗೆಲ್ಲದೆ ಬರೀ ಊಟಕ್ಕೆ ಬಂದಿರುವ ಬಹುಸಂಖ್ಯಾತರೇ, ಬಾಗಿಲ ಬಳಿ ಕುಳಿತು ‘ಬೇಗ ಮುಗಿಸಿ’ ಎಂದು ಕಣ್ಸನ್ನೆ ಮಾಡುತ್ತಿರುವ ನನ್ನ ಹೆಂಡತಿ ರೇಚಲ್ ಅವರೇ, ಎಲ್ಲ ಸಭಿಕರೇ,

ನನ್ನನ್ನು ಈ ವೇದಿಕೆಯ ಮೇಲೆ ಕಂಡು ನಿಮ್ಮಲ್ಲಿ ಕೆಲವರಿಗೆ ಹೆರಿಂಗ್ ಮೀನಿನ ಮುಳ್ಳು ಗಂಟಲಲ್ಲಿ ಸಿಕ್ಕಿಕೊಂಡಂತಾಗಿದೆ. ನನಗೆ ಗೊತ್ತು. ಸ್ವಲ್ಪ ನೀರು ಕುಡಿಯಿರಿ, ಇಳಿಯುತ್ತದೆ. ನಾನು ಫಿನ್ಲೆ ಮೆಕಾಸ್ಕಿಲ್, ಈ ಊರಿನ ಗೋಮಾಳದ ಕಾರ್ಯದರ್ಶಿ. ಅಂದರೆ ಕುರಿಗಳ ಪರವಾಗಿ ಮಾತಾಡುವವನು. ಬೇಸಿಗೆಯಲ್ಲಿ ಈ ಕಡಲಂಚಿನ ಬಯಲು ನಿಮ್ಮ ಗಾಲ್ಫಿಗೆ, ಚಳಿಗಾಲದಲ್ಲಿ ನಮ್ಮ ಕುರಿಗಳಿಗೆ. ಇದು ಅಜ್ಜಂದಿರ ಕಾಲದ ಒಪ್ಪಂದ. ನಾಳೆ ಬೆಳಗ್ಗೆ ಗೇಟು ತೆಗೆದು ಕುರಿಗಳನ್ನು ಒಳಗೆ ಬಿಡುವ ಮುನ್ನ, ಇಂದು ಈ ಊಟದಲ್ಲಿ ಗೋಮಾಳದ ಕಾರ್ಯದರ್ಶಿ ನಾಲ್ಕು ಮಾತಾಡಬೇಕು ಎಂಬುದೂ ಅದೇ ಒಪ್ಪಂದದಲ್ಲಿದೆ. ಪ್ರತಿ ವರ್ಷವೂ ಕರೆ ಬರುತ್ತಿತ್ತು, ಪ್ರತಿ ವರ್ಷವೂ ನಾನು ಬರುತ್ತಿರಲಿಲ್ಲ. ಏಕೆ ಬರುತ್ತಿರಲಿಲ್ಲ? ಬೆಳೆದ ಗಂಡಸರು ಕೋಲು ಹಿಡಿದು ಪುಟ್ಟ ಚೆಂಡಿನ ಹಿಂದೆ ಅಲೆಯುವುದನ್ನು ನನ್ನ ಕುರಿಗಳು ಒಮ್ಮೆ ಬೇಲಿಯಾಚೆಯಿಂದ ತಲೆಯೆತ್ತಿ ನೋಡಿ ಮತ್ತೆ ಮೇಯಲು ತೊಡಗುತ್ತಿದ್ದವು. ಕುರಿಗಿಲ್ಲದ ಕುತೂಹಲ ನನಗೇಕೆ ಎಂದುಕೊಂಡಿದ್ದೆ.

ಇಂದಿನ ಸನ್ಮಾನ ಈ ಮೈದಾನವನ್ನು ನೋಡಿಕೊಳ್ಳುವ ಮಾರ್ಸಲಿಗೆ. ಮಾರ್ಸಲಿ ನನ್ನ ಮಗಳು. ತಂದೆಯಾದವನು ಮಗಳನ್ನು ವೇದಿಕೆಯಲ್ಲಿ ಹೊಗಳಬಾರದು. ಆದ್ದರಿಂದ ಹುಲ್ಲನ್ನು ಹೊಗಳಿ ಕೆಳಗಿಳಿಯುತ್ತೇನೆ.

ಅವಳು ಮುಖ್ಯಭೂಮಿಗೆ ಓದಲು ಹೋದಾಗ ನಾನು ಊರೆಲ್ಲ ‘ಮಗಳು ಕಾಲೇಜಿಗೆ ಹೋಗಿದ್ದಾಳೆ’ ಎಂದು ಹೇಳಿಕೊಂಡು ತಿರುಗಿದೆ. ವಾಪಸು ಬಂದ ದಿನ ಕೇಳಿದೆ, “ಏನಮ್ಮ ಓದಿದೆ?”

“ಹುಲ್ಲು.”

“ಹುಲ್ಲಲ್ಲಿ ಓದೋಕೆ ಏನಿದೆ? ನಮ್ಮ ಕುರಿಗಳು ಯಾವ ಕಾಲೇಜಿಗೆ ಹೋಗಿದ್ವು?”

“ನಿಮ್ಮ ಕುರಿ ತಿನ್ನುತ್ತೆ ಅಪ್ಪ. ನಾನು ಬೆಳೆಸ್ತೀನಿ.”

ವಾದದಲ್ಲಿ ಸೋತ ಅಪ್ಪಂದಿರು ಮಾಡುವುದನ್ನೇ ಮಾಡಿದೆ, ಮುನಿಸಿಕೊಂಡೆ. ಒಂದೇ ಮನೆಯಲ್ಲಿದ್ದು, ಒಂದೇ ಮೇಜಿನಲ್ಲಿ ಆಲೂಗೆಡ್ಡೆ ಸುಲಿಯುತ್ತ, ನಾವಿಬ್ಬರೂ ಹುಲ್ಲಿನ ವಿಷಯ ಎತ್ತುತ್ತಿರಲಿಲ್ಲ. ನಾನು ಮೈದಾನದೊಳಗೆ ಕಾಲಿಡುತ್ತಿರಲಿಲ್ಲ. ಅವಳು ಚರ್ಚಿನೊಳಗೆ ಕಾಲಿಡುತ್ತಿರಲಿಲ್ಲ. ರೇಚಲ್ ಇಬ್ಬರಿಗೂ ಒಂದೇ ಪಾತ್ರೆಯಿಂದ ಸೂಪು ಬಡಿಸುತ್ತಿದ್ದಳು.

ಆದರೆ ನಮ್ಮ ಬೇಲಿ ಮೈದಾನದ ಉದ್ದಕ್ಕೂ ಇದೆಯಲ್ಲ. ಬೇಲಿ ರಿಪೇರಿಯನ್ನು ಕಣ್ಣು ಮುಚ್ಚಿಕೊಂಡು ಮಾಡಲಾಗುತ್ತದೆಯೇ? ಹಾಗಾಗಿ ಕೆಲವು ಸಂಗತಿಗಳು ತಾವಾಗಿಯೇ ಕಣ್ಣಿಗೆ ಬಿದ್ದವು. ವಸಂತದಲ್ಲಿ, ಇನ್ನೂ ಮೂಳೆ ಕೊರೆಯುವ ಗಾಳಿ ಬೀಸುತ್ತಿರುವಾಗ, ಅವಳು ನೆಲಕ್ಕೆ ಕಬ್ಬಿಣದ ಹಲ್ಲು ಚುಚ್ಚಿ ಚುಚ್ಚಿ ಉಸಿರಾಡಲು ತೂತು ಮಾಡುತ್ತಾಳೆ. ಮೇಲೆ ಚಿಪ್ಪಿನ ಮರಳು ಚೆಲ್ಲಿ ಪೊರಕೆಯಲ್ಲಿ ಗುಡಿಸುತ್ತಾಳೆ. ಬೇಸಿಗೆಯಲ್ಲಿ ಸೂರ್ಯ ಮುಳುಗಲೋ ಬೇಡವೋ ಎಂದು ಯೋಚಿಸುವ ದಿನಗಳಲ್ಲಿ, ಬೆಳಗ್ಗೆ ಎದ್ದು ಉದ್ದನೆಯ ಬಿದಿರ ಕೋಲು ಬೀಸುತ್ತ ಹುಲ್ಲಿನ ಇಬ್ಬನಿ ಉದುರಿಸುತ್ತಾಳೆ. ಹಾಗೆ ಬಿಟ್ಟರೆ ರೋಗ ಹಿಡಿಯುತ್ತದಂತೆ. ಉದ್ದ ಹುಲ್ಲಲ್ಲಿ ಹಕ್ಕಿ ಮೊಟ್ಟೆಯಿಟ್ಟರೆ ಆ ಕಡೆ ಯಂತ್ರ ಒಯ್ಯುವುದಿಲ್ಲ. ನಿಮ್ಮ ಚೆಂಡುಗಳು ಅಲ್ಲಿ ಕಳೆದುಹೋದವು ಎಂದು ನೀವು ಗೊಣಗಿದ್ದನ್ನು ನಾನು ಬೇಲಿಯ ಬಳಿ ನಿಂತು ಸಂತೋಷದಿಂದ ಕೇಳಿಸಿಕೊಂಡಿದ್ದೇನೆ. ಶರತ್ಕಾಲದಲ್ಲಿ ನೆಲದಿಂದ ಬೆರಳು ಗಾತ್ರದ ಮಣ್ಣಿನ ತುಂಡುಗಳನ್ನು ಕಿತ್ತು, ಆ ಗುಳಿಗಳಿಗೆ ಮರಳು, ಬೀಜ. ಆಮೇಲೆ ಚೆಂಡು ಗುಳಿಗೆ ಬೀಳುವ ಆ ನುಣುಪಾದ ಅಂಗಳಗಳಿಗೆ, ನೀವು ಗ್ರೀನ್ ಎನ್ನುವ ಜಾಗಗಳಿಗೆ, ಸುತ್ತ ತಂತಿ ಕಟ್ಟಿ ನನ್ನ ಕುರಿಗಳಿಂದ ಕಾಪಾಡುವುದು. ಈ ದ್ವೀಪದಲ್ಲಿ ನನ್ನ ಬೇಲಿಯಷ್ಟು ರಿಪೇರಿ ಕಂಡ ಬೇಲಿ ಇನ್ನೊಂದಿಲ್ಲ ಎಂದು ರೇಚಲ್ ಹೇಳುತ್ತಾಳೆ. ಹೆಂಗಸರಿಗೆ ಬೇಲಿಯ ವಿಷಯ ತಿಳಿಯುವುದಿಲ್ಲ.

ಈಗ ಜನವರಿಯ ಆ ಬಿರುಗಾಳಿಯ ವಿಷಯ. ನಿಮಗೆಲ್ಲ ನೆನಪಿದೆ. ಶನಿವಾರ ಸಂಜೆ ಉಬ್ಬರದ ಹೊತ್ತಿಗೆ ಸಮುದ್ರ ಮರಳಿನ ದಿಬ್ಬವನ್ನು ಒಡೆದು ಐದನೇ ಗ್ರೀನಿನ ಮೇಲೆ ಬಂದು ಕೂತಿತು. ಬಂದದ್ದು ಬಂತು, ಹೋಗಲಿಲ್ಲ. ಭಾನುವಾರ ಬೆಳಗ್ಗೆ ಎದ್ದು ನೋಡಿದರೆ ಗಾಳಿ ನಿಂತಿದೆ, ಆಕಾಶ ತೊಳೆದಿಟ್ಟಂತಿದೆ, ಗ್ರೀನಿನ ಮೇಲೆ ಉಪ್ಪುನೀರು ಹೊಳೆಯುತ್ತಿದೆ. ವರ್ಷವಿಡೀ ನಮ್ಮ ಬೆನ್ನು ನೆನೆಸುವ ಮಳೆ ಬೇಕಾದ ದಿನ ಬರಲಿಲ್ಲ. ಒಂದು ಹನಿ ಬರಲಿಲ್ಲ.

ಮಾರ್ಸಲಿ ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದಳು. “ಅಪ್ಪ, ಆ ನೀರನ್ನ ತಳ್ಳಿ ಇವತ್ತೇ ಸಿಹಿನೀರು ಹಾಯಿಸ್ಬೇಕು. ನಾಳೆ ತನಕ ಬಿಟ್ರೆ ಬೇರು ಸುಟ್ಟುಹೋಗುತ್ತೆ.”

“ಇವತ್ತು ಸಬ್ಬತ್.”

“ಗೊತ್ತು.”

ಸಬ್ಬತ್, ದೇವರು ವಿಧಿಸಿದ ವಿಶ್ರಾಂತಿಯ ದಿನ, ನಮ್ಮೂರಲ್ಲಿ ಹೇಗಿರುತ್ತದೆಂದು ಅತಿಥಿಗಳಿಗೂ ಗೊತ್ತು. ಭಾನುವಾರ ಹಗ್ಗದ ಮೇಲೆ ಒಂದು ಬಟ್ಟೆ ಒಣಗುವುದಿಲ್ಲ. ನನ್ನ ತಾಯಿ ಶನಿವಾರವೇ ಬಾವಿಯ ನೀರು ತುಂಬಿಡುತ್ತಿದ್ದರು. ದನ ಕುರಿಗೆ ನೀರು ಮೇವು ಕೊಡಬಹುದು, ಕಾಯಿಲೆಯವರನ್ನು ನೋಡಿಕೊಳ್ಳಬಹುದು. ಕರುಣೆಯ ಕೆಲಸಕ್ಕೆ ಅಡ್ಡಿಯಿಲ್ಲ. ಹುಲ್ಲಿಗೆ? ಅದೂ ಆಟದ ಹುಲ್ಲಿಗೆ? ಮೇಲಾಗಿ ನಾನು ಚರ್ಚಿನ ಹಿರಿಯರಲ್ಲೊಬ್ಬ. ಚರ್ಚಿನಲ್ಲಿ ಮುಂದಿನ ಪೀಠದಲ್ಲಿ ನಿಂತು ಕೀರ್ತನೆಯ ಒಂದೊಂದು ಸಾಲನ್ನೂ ಎತ್ತಿಕೊಡುವವನು. ನಾನು ಎತ್ತಿಕೊಟ್ಟರೆ ಊರು ಹಾಡುತ್ತದೆ. ನನ್ನ ತಂದೆ ನಿಂತಿದ್ದ ಜಾಗ ಅದು.

“ನೀನು ಹೋಗೋದಾದ್ರೆ ಹೋಗು,” ಎಂದೆ. “ನಿನ್ನನ್ನ ಕಟ್ಟಿಹಾಕಿಲ್ಲ.”

“ನಾನು ಹೋದ್ರೆ ನಿಮ್ಮನ್ನ ಆ ಪೀಠದಲ್ಲಿ ಉಳಿಸ್ತಾರಾ?”

ರೇಚಲ್ ಟೀ ಕೆಟಲನ್ನು ಅಗತ್ಯಕ್ಕಿಂತ ಜೋರಾಗಿ ಇಟ್ಟಳು. ಮಾರ್ಸಲಿ ಕೋಟು ಹಾಕಿಕೊಂಡು ನಮ್ಮ ಜೊತೆ ಚರ್ಚಿಗೆ ಬಂದಳು. “ಮನೇಲಿದ್ರೆ ಕಾಲು ಅಲ್ಲಿಗೇ ಹೋಗುತ್ತೆ” ಎಂದಳು, ಅಷ್ಟೇ. ಆ ದಿನ ನಾನು ಹೇಗೆ ಹಾಡಿಸಿದೆ ಎಂದು ನೀವೇ ಹೇಳಬೇಕು.

ಹಿಂದಿರುಗುವಾಗ ಬೇಲಿಯ ಬಳಿ ಕಾರು ನಿಲ್ಲಿಸಲು ಹೇಳಿ ಅವಳು ಇಳಿದುಹೋದಳು. ನಾನು ಬೈಯಲೆಂದು ಹಿಂದೆ ಹೋದೆ. ಅವಳು ನೀರಿನಂಚಿನಲ್ಲಿ ಮಂಡಿಯೂರಿ, ಕಿಸೆಯ ಚಾಕುವಿನಿಂದ ಒಂದು ತುಂಡು ನೆಲ ಕತ್ತರಿಸಿ, ಅಂಗೈ ಮೇಲೆ ಇಟ್ಟುಕೊಂಡು ನೋಡುತ್ತಿದ್ದಳು. ಬೈಯಲು ನಾನೂ ಬಗ್ಗಬೇಕಾಯಿತು. ಬಗ್ಗಿದವನು ಬೈಯಲಿಲ್ಲ.

ಸಭಿಕರೇ, ಮೇಲೆ ಹುಲ್ಲು ಬಾರ್ಲಿ ಕಾಳಿನಷ್ಟು ಎತ್ತರವಿತ್ತು. ಕೆಳಗೆ ಬೇರು ಅವಳ ಅಂಗೈ ದಾಟಿ, ಮಣಿಕಟ್ಟು ದಾಟಿ ಇಳಿಬಿದ್ದಿತ್ತು. ಬಿಳಿ ಬಿಳಿ ಎಳೆಗಳು, ನನ್ನ ಹೆಂಡತಿ ನೂಲುವ ಉಣ್ಣೆಗಿಂತ ತೆಳು, ಒಂದೊಂದೂ ಒಂದೊಂದು ಮರಳ ಕಣವನ್ನು ತಬ್ಬಿಕೊಂಡಿತ್ತು. ದಿನವೂ ಅದರ ತಲೆ ಕತ್ತರಿಸುತ್ತಾರೆ. ನೀವು ಅದರ ಮೇಲೆ ಮೊಳೆಯ ಬೂಟು ಹಾಕಿಕೊಂಡು ತುಳಿಯುತ್ತೀರಿ. ಹಿಮ ಕೂರುತ್ತದೆ, ಗಾಳಿ ಮರಳು ಎರಚುತ್ತದೆ. ಅದು ಯಾರಿಗೂ ಹೇಳದೆ ಕೆಳಗೆ ಕೆಳಗೆ ಇಳಿದುಕೊಂಡು ಬದುಕಿದೆ. ಎಪ್ಪತ್ತು ವರ್ಷ ಹುಲ್ಲಿನ ಮೇಲೆ ನಡೆದಿದ್ದೇನೆ, ಕುರಿ ಮೇಯಿಸಿದ್ದೇನೆ, ಹುಲ್ಲು ಸೊಗಸಾಗಿದೆ ಎಂದು ದೇವರಿಗೆ ಕೃತಜ್ಞತೆ ಹೇಳಿದ್ದೇನೆ. ಹುಲ್ಲಿನ ಅರ್ಧವನ್ನೂ ನಾನು ನೋಡಿರಲಿಲ್ಲ. ನನ್ನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡೆ. ಚರ್ಚಿನ ಹೊರಗೆ ನಾನು ಟೋಪಿ ತೆಗೆಯುವವನಲ್ಲ.

ಮಾರ್ಸಲಿ ಆ ತುಂಡನ್ನು ಮತ್ತೆ ಅದರ ಗುಳಿಯಲ್ಲಿಟ್ಟು ಅಂಗೈಯಿಂದ ಒತ್ತಿದಳು. “ನಾಳೆ ಬರ್ತೀನಿ” ಎಂದಳು. ನನಗಲ್ಲ, ಹುಲ್ಲಿಗೆ.

ಆಗ ನಾನು ಒಂದು ಉಪಾಯ ಮಾಡಿದೆ. ಗ್ರೀನಿನ ಮೇಲುಗಡೆ ನಮ್ಮ ಕುರಿಗಳ ನೀರಿನ ತೊಟ್ಟಿ ಇದೆ. ಕುರಿಗೆ ನೀರು ಬಿಡಲು ಸಬ್ಬತ್ತಿನ ಅಡ್ಡಿಯಿಲ್ಲವಲ್ಲ? ಹೋಗಿ ನಲ್ಲಿ ತಿರುಗಿಸಿದೆ. ತೊಟ್ಟಿ ತುಂಬಿತು. ತುಂಬಿ ಹರಿಯಿತು. ಇಳಿಜಾರಿನಲ್ಲಿ ಗ್ರೀನಿನ ಕಡೆಗೇ ಹರಿಯಿತು. ನಾನು ಆಕಾಶ ನೋಡುತ್ತ ನಿಂತೆ, ನಲ್ಲಿ ನಿಲ್ಲಿಸುವುದನ್ನು ಮರೆತ ಮುದುಕನ ಹಾಗೆ.

ಮಾರ್ಸಲಿ ಬಂದು ನಲ್ಲಿ ನಿಲ್ಲಿಸಿದಳು. “ಕುರಿಗಳೆಲ್ಲ ಎಲ್ಲಿ ಅಪ್ಪ?”

“ಬಿರುಗಾಳಿಗೆ ಹೆದರಿ ಗುಡ್ಡದ ಆಚೆ ಹೋಗಿವೆ.”

“ದೇವರ ಹತ್ರ ಲಾಯರ್‌ಗಿರಿ ಮಾಡ್ತಿದ್ದೀರಾ? ಈ ನೀರು ಅರ್ಧ ಗ್ರೀನಿಗೂ ಸಾಲಲ್ಲ. ಮಾಡೋದಾದ್ರೆ ನೆಟ್ಟಗೆ ಮಾಡಿ. ಇಲ್ಲಾಂದ್ರೆ ಮನೆಗೆ ನಡೀರಿ, ಊಟ ಮಾಡೋಣ. ನಾನೇನೂ ಬೇಜಾರು ಮಾಡ್ಕೊಳ್ಳಲ್ಲ.”

ಬೇಜಾರು ಮಾಡಿಕೊಂಡಿದ್ದರೆ ನಾನು ಮನೆಗೆ ಹೋಗುತ್ತಿದ್ದೆ. ಅವಳು ನಿಜವಾಗಿ ಮಾಡಿಕೊಳ್ಳುತ್ತಿರಲಿಲ್ಲ, ಅದೇ ನನ್ನನ್ನು ಕೊಂದಿತು. ಅವಳ ಶೆಡ್ಡಿನಿಂದ ಪಂಪು ಎಳೆದುಕೊಂಡು ಬಂದು ಹಳ್ಳದ ದಂಡೆಯಲ್ಲಿಟ್ಟೆವು. ಅವಳು ಪಂಪು ಚಾಲೂ ಮಾಡುವ ಹಗ್ಗಕ್ಕೆ ಕೈ ಹಾಕಿದಳು. “ನೀನು ಬಿಡು,” ಎಂದೆ, “ಪಾಪ ಇದ್ರೆ ನನ್ನ ಲೆಕ್ಕಕ್ಕೆ ಬರಲಿ.” ಹಗ್ಗ ಎಳೆದವನು ನಾನು. ಭಾನುವಾರ ಮಧ್ಯಾಹ್ನ ನಮ್ಮೂರಲ್ಲಿ ಪಂಪಿನ ಸದ್ದು ಹೇಗಿರುತ್ತದೆ ಎಂದು ನಿಮಗೆ ಹೇಳಬೇಕೆ? ಅದಕ್ಕೆ ಮುಂಚೆ ಯಾರೂ ಕೇಳಿರಲಿಲ್ಲ.

ಕಪ್ಪು ಸೂಟಿನಲ್ಲಿ, ಚರ್ಚಿನ ಬೂಟಿನಲ್ಲಿ, ಹಲಗೆ ಹಿಡಿದು ನಾನು ಸಮುದ್ರವನ್ನು ಹೊರಗೆ ತಳ್ಳಿದೆ. ಅವಳು ಸಿಹಿನೀರು ಬಿಟ್ಟಳು. ಚರ್ಚಿನಿಂದ ಬರುವ ಕಾರುಗಳು ಒಂದೊಂದಾಗಿ ನಿಧಾನವಾದವು, ಒಂದೊಂದಾಗಿ ಮುಂದೆ ಹೋದವು. ನಿಮ್ಮಲ್ಲಿ ಹಲವರು ಆ ಕಾರುಗಳಲ್ಲಿದ್ದಿರಿ. ಎಲ್ಲರೂ ನೆಟ್ಟಗೆ ಮುಂದೆ ನೋಡುತ್ತಿದ್ದಿರಿ. ಅಷ್ಟು ಎಚ್ಚರಿಕೆಯಿಂದ ನೀವು ಕಾರು ಓಡಿಸಿದ್ದನ್ನು ನಾನು ಬೇರೆ ದಿನ ಕಂಡಿಲ್ಲ.

ಕೊನೆಯ ಕಾರು ಪಾದ್ರಿಗಳದು. ಅವರು ಇಳಿದು ಬೇಲಿಗೆ ಕೈಯಿಟ್ಟು ನಿಂತರು. “ಫಿನ್ಲೆ, ಆ ಮೋಟಾರ್ ನಿಲ್ಲಿಸಿ ಮಾತಾಡೋಣ್ವಾ?”

“ನಿಲ್ಲಿಸೋಕಾಗಲ್ಲ ಪಾದ್ರಿಗಳೇ. ಹುಲ್ಲಿಗೆ ಬಾಯಾರಿಕೆಯಾಗಿದೆ.”

ಅವರು ಬೇಲಿಯ ಮೇಲಿಂದ ಬಗ್ಗಿ ಹುಲ್ಲನ್ನು ನೋಡಿದರು. “ಸಂಜೆ ಕೀರ್ತನೆ ನೀವೇ ಎತ್ತಿಕೊಡ್ತೀರಲ್ಲ?”

“ಅದನ್ನ ನೀವು ಹೇಳ್ಬೇಕು.”

“ಇಲ್ಲ ಫಿನ್ಲೆ. ನೀವೇ ಹೇಳ್ಬೇಕು.”

ಮನೆಗೆ ಹೋಗಿ ಒದ್ದೆ ಪ್ಯಾಂಟು ಬಿಚ್ಚಿ ಮಂಚದ ಪಕ್ಕ ಮಂಡಿಯೂರಿದೆ. ಪಶ್ಚಾತ್ತಾಪ ಪಡಲು ಪ್ರಾಮಾಣಿಕವಾಗಿ ಪ್ರಯತ್ನಿಸಿದೆ. ಕಣ್ಣು ಮುಚ್ಚಿದರೆ ಆ ಬಿಳಿ ಬೇರುಗಳೇ ಕಾಣುತ್ತಿದ್ದವು. ಸೃಷ್ಟಿಸಿದವನ ಮುಂದೆ ಅವನ ಸೃಷ್ಟಿಗೆ ನೀರು ಕೊಟ್ಟದ್ದಕ್ಕೆ ಕ್ಷಮೆ ಕೇಳಬೇಕೆ? ಕೇಳಬೇಕೋ ಏನೋ. ನನಗಿಂತ ತಿಳಿದವರಿದ್ದಾರೆ, ನಾನು ಅವರೊಂದಿಗೆ ವಾದಿಸುವುದಿಲ್ಲ. ನನಗೆ ಬರಲಿಲ್ಲ, ಅಷ್ಟೇ. ಬಾರದ್ದನ್ನು ಎದೆಯಲ್ಲಿಟ್ಟುಕೊಂಡು ಊರಿಗೆ ಕೀರ್ತನೆ ಎತ್ತಿಕೊಡಲು ಸಾಧ್ಯವಿಲ್ಲ. ಸಂಜೆ ಪಾದ್ರಿಗಳಿಗೆ ಹಾಗೆಂದು ಹೇಳಿ ಹಿಂದಿನ ಬೆಂಚಿಗೆ ಹೋಗಿ ಕೂತೆ. ಈಗ ಮರ್ಡೊ ಎತ್ತಿಕೊಡುತ್ತಾನೆ. ಚೆನ್ನಾಗಿ ಎತ್ತಿಕೊಡುತ್ತಾನೆ. ಶ್ರುತಿ ತುಸು ಮೇಲೆ ಹಿಡಿಯುತ್ತಾನೆ. ಅವನು ಇಲ್ಲೇ ಇದ್ದಾನೆ, ಕೇಳಿಸಿಕೊಳ್ಳಲಿ.

ಫೆಬ್ರವರಿಯಲ್ಲಿ ಐದನೇ ಗ್ರೀನು ಹಳದಿಯಾಯಿತು. ಅಂಗಡಿಯಲ್ಲಿ ಒಬ್ಬರು, ಹೆಸರು ಬೇಡ, “ದೇವರು ಉತ್ತರ ಕೊಟ್ಟ ನೋಡು ಫಿನ್ಲೆ” ಎಂದರು. ಪೀಠವೂ ಹೋಯಿತು, ಹುಲ್ಲೂ ಹೋಯಿತು ಎಂದುಕೊಂಡು ನಾನು ಬ್ರೆಡ್ಡು ತೆಗೆದುಕೊಂಡು ಮನೆಗೆ ಬಂದೆ. ಮಾರ್ಸಲಿ ಮಾತ್ರ ಮತ್ತೆ ಚುಚ್ಚಿದಳು, ಮತ್ತೆ ಮರಳು ಹಾಕಿದಳು, ಕಾದಳು. ಏಪ್ರಿಲಿನ ಒಂದು ಬೆಳಗ್ಗೆ ಆ ಹಳದಿಯ ನಡುವೆ ಹಸಿರು ಸೂಜಿಗಳು ಎದ್ದಿದ್ದವು. ಮೊದಲು ನೋಡಿದವನು ನಾನು. ನನ್ನ ಕಣ್ಣಲ್ಲಿ ನೀರು ಬಂತು. ಗಾಳಿ ಇತ್ತು, ಆದರೂ ಅದು ಗಾಳಿಯಿಂದಲ್ಲ.

ಆಮೇಲೆ ನಮ್ಮ ಕ್ಯಾಪ್ಟನ್ ಇವಾನ್ ಅವರು ರೇಚಲ್‌ಗೊಂದು ಕೇಕು ಹಿಡಿದುಕೊಂಡು ಮನೆಗೆ ಬಂದರು. “ಫಿನ್ಲೆ, ನೀವೇ ಭಾನುವಾರ ಪಂಪು ಹಾಕಿದ ಮೇಲೆ, ಇನ್ನು ಭಾನುವಾರದ ಆಟಕ್ಕೆ ಗೋಮಾಳದವರು ಒಪ್ಪಬಹುದಲ್ಲ?” ಕೇಕು ತಿಂದೆ. ಉತ್ತರ ಈಗ ಕೊಡುತ್ತಿದ್ದೇನೆ, ಎಲ್ಲರೂ ಕೇಳಲಿ. ಬಾಯಾರಿದ್ದಕ್ಕೆ ನೀರು ಬೇರೆ, ನಿಮ್ಮ ಚೆಂಡು ಬೇರೆ. ನಾನಿರುವವರೆಗೆ ಭಾನುವಾರ ಈ ಹುಲ್ಲು ಮಲಗಿರುತ್ತದೆ. ಚಪ್ಪಾಳೆ ತಟ್ಟಿದವರು ಯಾರೆಂದು ನೋಡಿಕೊಂಡಿದ್ದೇನೆ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಹಿಂದಿನ ಬೆಂಚಿನಲ್ಲಿ ಕೂತ ಆ ಸಂಜೆ ಯಾರೋ ಬಂದು ಪಕ್ಕದಲ್ಲಿ ಕೂತರು. ನಾನು ತಲೆಯೆತ್ತಲಿಲ್ಲ. ಕೈ ಕಾಣಿಸಿತು, ಉಗುರುಗಳಲ್ಲಿ ಮರಳಿತ್ತು. ಮರ್ಡೊ ಸಾಲು ಎತ್ತಿಕೊಟ್ಟ, ಆ ಕೈಯವಳು ಹಾಡಿದಳು. ಮುಂದೆ ನಿಂತು ಹಾಡಿಸುತ್ತಿದ್ದಷ್ಟು ವರ್ಷವೂ ಊರಿನ ದನಿ ಒಂದೇ ಆಗಿ ನನ್ನ ಕಡೆ ಬರುತ್ತಿತ್ತು. ಯಾರದು ಯಾವುದೆಂದು ತಿಳಿಯುತ್ತಿರಲಿಲ್ಲ. ಅವಳು ಚಿಕ್ಕವಳಿದ್ದಾಗ ತಾಯಿಯ ಪಕ್ಕ ಕೂತು ಹಾಡುತ್ತಿದ್ದಳಂತೆ. ನನಗೆ ಕೇಳಿಸಿಯೇ ಇರಲಿಲ್ಲ. ನನ್ನ ಮಗಳಿಗೆ ನನ್ನ ತಾಯಿಯ ದನಿ ಇದೆ, ಸಭಿಕರೇ. ಅದೇ ದನಿ.

ಆ ದಿನದಿಂದ ಪ್ರತಿ ಭಾನುವಾರ ಅವಳು ಬಂದು ಆ ಬೆಂಚಿನಲ್ಲಿ ಕೂರುತ್ತಾಳೆ. ಈ ಬೇಸಿಗೆಯಲ್ಲಿ ಪಾದ್ರಿಗಳು ನನ್ನನ್ನು ಕರೆದು, “ಸಾಕು ಫಿನ್ಲೆ, ಮುಂದಿನ ಪೀಠಕ್ಕೆ ವಾಪಸು ಬನ್ನಿ” ಎಂದರು. ಇನ್ನೂ ಪಶ್ಚಾತ್ತಾಪ ಬಂದಿಲ್ಲ ಪಾದ್ರಿಗಳೇ ಎಂದೆ. ಅದು ನಿಜವೇ. ಆದರೆ ಪೂರ್ತಿ ನಿಜವಲ್ಲ. ಮುಂದೆ ಹೋಗಿ ನಿಂತರೆ ಅವಳ ದನಿ ನನಗೆ ಕೇಳಿಸುವುದಿಲ್ಲ.

ಊಟ ಹಾಕಿದವರಿಗೂ, ಕುರಿಗಳಿಗೆ ನಾಳೆ ಜಾಗ ಬಿಟ್ಟುಕೊಡುವವರಿಗೂ, ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲರಿಗೂ ನಾನು ಋಣಿ. ನಮಸ್ಕಾರ.