ಕನ್ನಡ ಲೈನಿನ ಮೂರನೇ ಕುರ್ಚಿ

ನನ್ನ ಹೆಸರು ನೇತ್ರಾ, ಗಂಡನ ಹೆಸರು ಸಮರ್ಥ್, ವಯಸ್ಸು 27 ವರ್ಷ, ವಿದ್ಯಾಭ್ಯಾಸ ಬಿ.ಎಸ್ಸಿ., ಉದ್ಯೋಗ ಖಾಸಗಿ ಆಂಬುಲೆನ್ಸ್ ಸಹಾಯವಾಣಿಯಲ್ಲಿ ಸೂಪರ್‌ವೈಸರ್, ವಾಸ ಹೈದರಾಬಾದಿನ ಮಿಯಾಪುರ ಮೆಟ್ರೋ ನಿಲ್ದಾಣದಿಂದ 600 ಮೀಟರ್ ದೂರದ ಅಪಾರ್ಟ್‌ಮೆಂಟ್. ತೆಲುಗು ಮಾತಾಡಬಲ್ಲೆ, ಬರೆಯಲು ಬಾರದು. ಆದ್ದರಿಂದ ವಿಚಾರಣೆಗಾಗಿ ಕನ್ನಡದಲ್ಲಿ ಸ್ವಂತ ಕೈಯಿಂದ ಬರೆದು ತಿಳಿಸುವುದೇನೆಂದರೆ,

ನನಗೆ ಏಳು ತಿಂಗಳ ಮಗಳಿದ್ದಾಳೆ. ಹೆರಿಗೆ ರಜೆ ಮುಗಿದ ಮೇಲೆ ಮನೆಯಿಂದಲೇ ಕೆಲಸ ಮಾಡುತ್ತಿದ್ದೇನೆ. ನಮ್ಮಲ್ಲಿ ಕನ್ನಡ ಲೈನ್ ಒಂದಿದೆ. ಅದಕ್ಕೆ ಕರೆ ಮಾಡುವವರು ಹೆಚ್ಚಾಗಿ ರಾಯಚೂರು, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಆ ಲೈನಿಗೆ ಮೂರು ಕುರ್ಚಿ. ಹಗಲು ಪಾಳಿಯಲ್ಲಿ ತರುಣ, ಸಾವಿತ್ರಿ ಎಂಬ ಇಬ್ಬರೇ ಕೂರುತ್ತಾರೆ, ಮೂರನೆಯದು ಖಾಲಿ. ಲಾಗಿನ್ ಆದವರು ಇಬ್ಬರಿಗಿಂತ ಕಡಿಮೆಯಾದರೆ ತಾನಾಗಿಯೇ ನನ್ನ ಮೊಬೈಲಿನಲ್ಲಿ ಗಂಟೆ ಬಾರಿಸುವ ವ್ಯವಸ್ಥೆಯನ್ನು ನಾನೇ ಕೂಡಿಸಿದ್ದೆ. ಗಂಟೆ ಬಂದರೆ ತೆಲುಗು ಲೈನಿನಿಂದ ಕನ್ನಡ ಬಲ್ಲ ಒಬ್ಬರನ್ನು ಈ ಕಡೆ ಹಾಕುವುದು ನನ್ನ ಕೆಲಸ.

ದಿನಾಂಕ 11.11.2025ರ ಮಧ್ಯಾಹ್ನ 1.40ಕ್ಕೆ ಮಗಳ ಪಕ್ಕ ಒರಗಿದೆ. ಫೋನು ದಿಂಬಿನ ಮೇಲಿತ್ತು. ಎಚ್ಚರವಾದಾಗ 3.10. ಏಳು ತಿಂಗಳಲ್ಲಿ ಅಷ್ಟು ಹೊತ್ತು ಮಲಗಿದ್ದು ಅದೇ ಮೊದಲು. ದಿನಾ ಊಟದ ಹೊತ್ತಿಗೆ ಬರುವ ಗಂಟೆ ಅವತ್ತು ಯಾಕೆ ಬರಲಿಲ್ಲ ಎಂದು ಸೋಜಿಗವಾಗಿ, ಮಗಳನ್ನು ತೊಡೆಯ ಮೇಲಿಟ್ಟುಕೊಂಡೇ ದಾಖಲೆ ತೆರೆದೆ.

1.58ಕ್ಕೆ ತರುಣ ಲಾಗೌಟ್ ಮಾಡಿ ಊಟಕ್ಕೆ ಎದ್ದಿದ್ದ. 2.04ರಿಂದ ಸಾವಿತ್ರಿ ಬೇರೊಂದು ಕರೆಯಲ್ಲಿದ್ದಳು. 2.06ಕ್ಕೆ ಸಂಗಣ್ಣ ಎಂಬವರು ಕರೆ ಮಾಡಿದ್ದಾರೆ. ಆ ನಂಬರಿಗೆ ನಾನು ಆಮೇಲೆ ಫೋನ್ ಮಾಡಿ ತಿಳಿದಂತೆ, ಅವರ ಹೆಂಡತಿ ಗುರುದೇವಿ ಕೆಲಸದ ಜಾಗದಲ್ಲಿ ಎರಡನೇ ಮಹಡಿಯಿಂದ ಬಿದ್ದಿದ್ದರು. ಕರೆ ಮೂರನೇ ಕುರ್ಚಿಗೆ ಹೋಗಿ 20 ಸೆಕೆಂಡು ರಿಂಗ್ ಆಗಿ, ಯಾರೂ ಎತ್ತದೆ ಸಾಲಿಗೆ ಮರಳಿ, ಮತ್ತೆ ಅದೇ ಕುರ್ಚಿಗೆ ಹೋಗಿದೆ. 2.15ರವರೆಗೆ ಇಪ್ಪತ್ತೇಳು ಸಲ. ನಾನು ಎರಡು ಬಾರಿ ಎಣಿಸಿದೆ. ಆಮೇಲೆ ಅವರು ಹೆಂಡತಿಯನ್ನು ಆಟೋದಲ್ಲಿ ಹಾಕಿಕೊಂಡು ಹೋಗಿದ್ದಾರೆ. ಗುರುದೇವಿಯವರು ಈಗಲೂ ಐಸಿಯುನಲ್ಲಿದ್ದಾರೆ.

ಆ ಕುರ್ಚಿಯಲ್ಲಿ ಕೂತವರು ಯಾರೆಂದು ನೋಡಿದರೆ ನನ್ನ ಹೆಸರೇ ಇತ್ತು.

3.25ಕ್ಕೆ ಸಾವಿತ್ರಿಗೆ ಫೋನ್ ಮಾಡಿ ಕೇಳಿದೆ. ಆಕೆ, ಅಕ್ಕಾ, ಕೂಸು ಮಲಗಿದಾಗನ ಈ ಗಂಟಿ ಬಡಕೋತೈತಿ ಅಂತಿದ್ದಿಯಲ್ಲ, ಅದಕ್ಕ ಇವತ್ತ ನಿನ್ನ ಹೆಸರ್ಲೆ ಲಾಗಿನ್ ಮಾಡಿ ಬಿಟ್ಟೆ, ಇಬ್ಬರು ಅದಾರ ಅಂತ ತೋರಿಸ್ತೈತಿ, ನೀ ಒಂದ್ ತಾಸ ಮಲಗ್ತಿ ಅಂತ, ಫೋನೂ ಅಲ್ಲಿಗೇ ಹೊಕ್ಕಾವಂತ ನನಗೇನ ಗೊತ್ತಬೇ, ಎಂದು ಹೇಳಿ ಅತ್ತಳು. ಅವತ್ತೇ ಮೊದಲ ಸಲ ಎಂದಳು. ದಾಖಲೆಯಲ್ಲೂ ಹಾಗೇ ಇದೆ.

12.11.2025ರ ಬೆಳಿಗ್ಗೆ 11.00ಕ್ಕೆ ಮ್ಯಾನೇಜರ್ ವಿಶ್ವಜಿತ್ ಅವರು ಟೈಪು ಮಾಡಿದ ಹೇಳಿಕೆಯೊಂದನ್ನು ಮನೆಗೆ ತಂದರು. ನನ್ನ ಪಾಸ್‌ವರ್ಡನ್ನು ಸಾವಿತ್ರಿ ಕದ್ದಳೆಂದು ಅದರಲ್ಲಿತ್ತು. ಸಹಿ ಮಾಡಿದರೆ ನಿಮ್ಮ ನೌಕರಿಗೆ ತೊಂದರೆ ಇಲ್ಲ, ಸಣ್ಣ ಮಗು ಬೇರೆ ಇದೆ, ಯೋಚಿಸಿ ಎಂದು ಹಿಂದಿಯಲ್ಲಿ ಹೇಳಿದರು.

ಪಾಸ್‌ವರ್ಡ್ ಕಳವಾಗಿಲ್ಲ. ಹೆರಿಗೆಗೆ ಹೋಗುವ ಹಿಂದಿನ ದಿನ ನಾನೇ ಕೊಟ್ಟಿದ್ದೆ, ಮರಳಿ ಬಂದ ಮೇಲೂ ಬದಲಿಸಲಿಲ್ಲ. ಫೋನ್ ಎತ್ತುತ್ತಾರೋ ಇಲ್ಲವೋ ನೋಡದೆ ಬರೀ ಲಾಗಿನ್ ಎಣಿಸುವಂತೆ ಮಾಡಿದವಳೂ ನಾನೇ. ಸಾವಿತ್ರಿಯದು ತಪ್ಪೇ ಇಲ್ಲ ಎನ್ನುತ್ತಿಲ್ಲ. ಆಕೆ ಕಳ್ಳಿ ಅಲ್ಲ.

ಬರೆದದ್ದನ್ನು ಇನ್ನೊಮ್ಮೆ ಓದಿದ್ದೇನೆ, ನಾನು ಕಂಡು ಕೇಳಿದ ಮಟ್ಟಿಗೆ ಎಲ್ಲವೂ ನಿಜ. ಮ್ಯಾನೇಜರ್ ತಂದ ಕಾಗದವನ್ನು ಸಹಿ ಮಾಡದೆ ಇದರ ಜೊತೆ ಲಗತ್ತಿಸಿದ್ದೇನೆ.

ಸ್ಥಳ: ಮಿಯಾಪುರ, ಹೈದರಾಬಾದ್
ದಿನಾಂಕ: 13.11.2025
ಸಹಿ: ನೇತ್ರಾ