ಬೆಚ್ಚಗಿದೀವಿ

ಬಾವಿಯಿಂದಲೇ ಶುರು ಮಾಡುತ್ತೇನೆ. ಆರ್ಡಿಸ್ ನನಗೆ ಹೇಳಿದ್ದೂ ಅಲ್ಲಿಂದಲೇ.

ಆರ್ಡಿಸ್ ಅಂದರೆ ನನ್ನ ಗಂಡನ ಚಿಕ್ಕಪ್ಪನ ಮಗಳು. ಸುಳ್ಳು ಹೇಳುವವಳಲ್ಲ. ಹೇಳಬೇಕೆಂದರೂ ಅವಳಿಗೆ ಬರುವುದಿಲ್ಲ, ಕಿವಿ ಕೆಂಪಾಗಿಬಿಡುತ್ತದೆ. ನಮ್ಮೂರಿನ ಸ್ಕೌಟ್ ಹುಡುಗಿಯರನ್ನು ಅಕ್ಟೋಬರ್ ಕೊನೆಯಲ್ಲಿ ಕಾಡಿಗೆ ಕರೆದುಕೊಂಡು ಹೋಗುವುದು ಅವಳ ಕೆಲಸವಾಗಿತ್ತು. ಟೆಂಟ್ ಇಲ್ಲ, ಹಾಸಿಗೆ ಇಲ್ಲ. ಕೊಂಬೆಗಳನ್ನು ಆನಿಸಿ, ಮೇಲೆ ಮೊಣಕೈ ಮುಳುಗುವಷ್ಟು ಒಣ ಎಲೆ ಸುರಿದು, ತಾವೇ ಗೂಡು ಕಟ್ಟಿಕೊಂಡು ಒಂದು ರಾತ್ರಿ ಕಳೆಯಬೇಕು. ಕಳೆದವರಿಗೆ ಬ್ಯಾಡ್ಜ್.

ಆ ವರ್ಷ ಜಾಗ ಸಿಕ್ಕಿದ್ದು, ಹಿಂದೆ ಫಿನ್‌ಲ್ಯಾಂಡಿನಿಂದ ಬಂದು ನೆಲೆಸಿದ್ದ ರೌಟಿಯೋ ಅವರ ಹಳೇ ಹೊಲದಲ್ಲಿ. ಹೊಲ ಎನ್ನುವುದು ಹೆಸರಿಗೆ ಮಾತ್ರ. ಮನೆ ಕುಸಿದು, ಉತ್ತ ನೆಲದ ತುಂಬ ಪಾಪ್ಲರ್ ಮರಗಳು ಎದ್ದು ನಿಂತು ಎಷ್ಟೋ ಕಾಲವಾಗಿದೆ. ಉಳಿದಿರುವುದು ಬಾವಿ. ಅದರ ಮೇಲೆ ಹಲಗೆ, ಹಲಗೆಯ ಮೇಲೆ ತಗಡು, ತಗಡು ಹಾರದಂತೆ ಒಂದು ಕಲ್ಲು. ಆ ಮನೆಯವರ ಬಗ್ಗೆ, ಆ ಬಾವಿಯ ಬಗ್ಗೆ ಜನ ಏನೇನೋ ಹೇಳುತ್ತಾರೆ. ಈ ಕೌಂಟಿಯ ಹುಟ್ಟು ಸಾವುಗಳನ್ನು ಬರೆದಿಡುವವಳು ನಾನು. ಬರಹದಲ್ಲಿ ಸಿಗದ್ದನ್ನು ನಾನು ಹೇಳುವುದಿಲ್ಲ.

ರಾತ್ರಿ ಎಲ್ಲರೂ ಗೂಡು ಸೇರಿದ ಮೇಲೆ ಆರ್ಡಿಸ್ ಸುತ್ತು ಹೊರಟಳು. ಬಾವಿಯ ಪಕ್ಕದಲ್ಲೇ ದಾರಿ. ಗಾಳಿ ಇರಲಿಲ್ಲ. ಆದರೂ ತಗಡು ಒಮ್ಮೆ ಟಂಕ್ ಅಂದಿತು... ಚಳಿಗೆ ಕುಗ್ಗಿರಬೇಕು ಅಂದುಕೊಂಡಳು. ದೂರದಲ್ಲಿ ಯಾವುದೋ ಮರ, ಒಳಗಿನ ರಸ ಹೆಪ್ಪುಗಟ್ಟಿ, ಫಟ್ಟನೆ ಸಿಡಿಯಿತು. ಆ ರಾತ್ರಿ ನೀರಿನ ಬಾಟಲಿಗಳೆಲ್ಲ ಕಲ್ಲಾಗಿದ್ದವು.

ಇಂಥ ಚಳಿಯಲ್ಲಿ ಹುಡುಗಿಯರು ನಡುಗುತ್ತಿದ್ದರೆ ಭಯವಿಲ್ಲ. ನಡುಕ ನಿಂತು ನಿದ್ದೆ ಹತ್ತಿದರೆ ಭಯ. ಅದಕ್ಕೇ ಈ ಸುತ್ತು. ಪ್ರತಿ ಗೂಡಿನ ಬಾಯಿಗೂ ಬಗ್ಗಿ ಮೆಲ್ಲಗೆ ಕೇಳಬೇಕು.

"ಬೆಚ್ಚಗಿದೀರಾ?"

"ಬೆಚ್ಚಗಿದೀವಿ ಮಿಸ್ ಆರ್ಡಿಸ್. ಇವಳ ಕಾಲು ಮಾತ್ರ ಮೀನಿನ ಥರ ತಣ್ಣಗಿದೆ."

"ನಿಂದು ಸತ್ತ ಮೀನಿನ ಥರ ನಾರ್ತಿದೆ, ನಾನೇನಾದ್ರೂ ಅಂದ್ನಾ?"

"ಸಾಕು, ಬೆನ್ನಿಗೆ ಬೆನ್ನು ಕೊಟ್ಟು ಮಲಕ್ಕೊಳ್ಳಿ."

ಎಲ್ಲ ಗೂಡಿನಲ್ಲೂ ಇಬ್ಬಿಬ್ಬರು. ಒಂದರಲ್ಲಿ ಮಾತ್ರ ಒಬ್ಬಳೇ. ಹೆಸರು ಮಾರ್ನಿ. ಹೊಸಬಳು, ಬೇಸಿಗೆಯಲ್ಲಿ ತಾಯಿಯ ಜೊತೆ ಊರಿಗೆ ಬಂದವಳು. ಜೊತೆಗಾತಿಯಾಗಿದ್ದ ಹುಡುಗಿಗೆ ಮಧ್ಯಾಹ್ನವೇ ಜ್ವರ ಬಂದು ಅಪ್ಪ ಕರೆದುಕೊಂಡು ಹೋಗಿದ್ದ. ಉಳಿದವರಲ್ಲಿ ಒಬ್ಬರೂ 'ನಮ್ಮ ಗೂಡಿಗೆ ಬಾ' ಅಂದಿರಲಿಲ್ಲ. ಇವಳೂ ಕೇಳಿರಲಿಲ್ಲ. ಸಂಜೆ, ಮಾಂಸ ಆಲೂಗಡ್ಡೆ ತುಂಬಿ ಬೇಯಿಸಿದ ಪಾಸ್ಟಿಯನ್ನು ತಣ್ಣಗಿದ್ದದ್ದನ್ನೇ ಎಲ್ಲರಿಂದ ಸ್ವಲ್ಪ ದೂರ, ಬಾವಿಯ ಕಡೆ ಮುಖ ಮಾಡಿ ಕೂತು ತಿಂದಳಂತೆ.

ಕತ್ತಲಾಗುವ ಮುಂಚೆ ಆರ್ಡಿಸ್ ಅವಳ ಗೂಡು ನೋಡಲು ಹೋಗಿದ್ದಳು.

"ದೊಡ್ಡದಾಯ್ತಲ್ಲೇ."

"ಇಬ್ಬರಿಗೆ ಅಂತ ಕಟ್ಟಿದ್ದು ಮಿಸ್ ಆರ್ಡಿಸ್."

"ನಿನ್ನೊಬ್ಬಳ ಮೈಶಾಖ ಇಷ್ಟು ಜಾಗಕ್ಕೆ ಸಾಲಲ್ಲ. ಕೊಂಬೆ ಒಳಕ್ಕೆ ಸರಿಸು, ಮೈಗೆ ತಾಗೋ ಹಾಗಿರಲಿ. ಇಲ್ಲಾಂದ್ರೆ ನನ್ನ ಗೂಡಿಗೆ ಬಾ."

"ಬಂದ್ರೆ ಬ್ಯಾಡ್ಜ್ ಕೊಡ್ತೀರಾ?"

"ಇಲ್ಲ."

"ಹಾಗಾದ್ರೆ ಸರಿಸ್ತೀನಿ."

ಬೆಂಕಿಯ ಹತ್ತಿರ ಕೂತಿದ್ದ ಡೆಲ್ ನಕ್ಕ. ಆರ್ಡಿಸ್ ಜೊತೆ ಶಿಬಿರ ನಡೆಸುತ್ತಿದ್ದವನು ಅವನು. "ಇರಲಿ ಬಿಡೇ ಆರ್ಡಿಸ್, ನೆಂಟರು ಬಂದ್ರೆ ಕೂರಿಸೋಕೆ ಜಾಗ ಬೇಡ್ವಾ?"

ಮಾರ್ನಿ ಸರಿಸಲಿಲ್ಲ. ಮರೆತಳೋ, ಕೈ ಸೋತಿತ್ತೋ, ಗೊತ್ತಿಲ್ಲ.

ಸುತ್ತಿನಲ್ಲಿ ಅವಳದು ಕೊನೆಯ ಗೂಡು. ಬಾಯಿಗೆ ಎಲೆ ತುರುಕಿ ಮುಚ್ಚಿಕೊಂಡಿದ್ದಳು. ಒಳಗೆ ಎಲೆ ಸರಿಯುವ ಸದ್ದು... ಸರ್... ಸರ್... ಎಚ್ಚರವಾಗಿದ್ದಾಳೆ ಅಂದುಕೊಂಡು ಆರ್ಡಿಸ್ ಬಗ್ಗಿದಳು.

"ಬೆಚ್ಚಗಿದೀಯಾ?"

ಸದ್ದು ನಿಂತಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಪಿಸುದನಿ.

"ಬೆಚ್ಚಗಿದೀವಿ."

"ಒಳ್ಳೇದು, ಮಲಕ್ಕೋ." ಆರ್ಡಿಸ್ ಎದ್ದು ಹೊರಟಳು. ಎಲ್ಲ ಗೂಡಿನಲ್ಲೂ ಅದೇ ಮಾತು ಕೇಳಿಕೊಂಡು ಬಂದಿದ್ದಳಲ್ಲ, ಕಿವಿಗೆ ಹೊಸದೇನೂ ಅನ್ನಿಸಲಿಲ್ಲ.

ಬೆಂಕಿಯ ಹತ್ತಿರ ಬಂದು ಕೈ ಚಾಚಿದಳು. ಡೆಲ್ ಕೋಕೋ ಬಗ್ಗಿಸಿ ಕೊಟ್ಟ.

"ಎಲ್ಲ ಸರಿನಾ?"

"ಎಲ್ಲ ಬೆಚ್ಚಗಿದ್ದಾರೆ."

"ಆ ಒಂಟಿ ಹುಡುಗಿ?"

"ಅವಳೂ ಬೆಚ್ಚಗಿದೀವಿ ಅಂದ್ಲು."

ಡೆಲ್ ತಲೆ ಎತ್ತಿದ. "ಇದೀವಿ?"

ಆರ್ಡಿಸ್ ಓಡಿದಳು. ಲೋಟ ಎಲ್ಲಿ ಬಿತ್ತೋ ಅವಳಿಗೆ ನೆನಪಿಲ್ಲ. ಬಾವಿ ದಾಟಿದ್ದೂ ನೆನಪಿಲ್ಲ. ಗೂಡಿನ ಬಾಯಿಯ ಎಲೆಯನ್ನು ಎರಡೂ ಕೈಯಲ್ಲಿ ಕಿತ್ತೆಸೆದು ತೋಳು ಒಳಗೆ ಚಾಚಿದಳು. ಕೈಗೆ ಸಿಕ್ಕಿದ್ದು ಮಾರ್ನಿಯ ಕೆನ್ನೆ. ನದಿಯ ಕಲ್ಲು ಮುಟ್ಟಿದ ಹಾಗಿತ್ತಂತೆ.

ಮಾರ್ನಿ ನಡುಗುತ್ತಿರಲಿಲ್ಲ.

ಕಂಕುಳಿಗೆ ಕೈ ಹಾಕಿ ಹೊರಕ್ಕೆ ಎಳೆದಳು. ಹುಡುಗಿಯ ಕಣ್ಣು ಅರ್ಧ ತೆರೆದಿತ್ತು, ತುಟಿ ನೀಲಿ. ಎಡಗಾಲಿನ ಬೂಟಿನ ದಾರ ಬಿಚ್ಚಿ ಬೂಟು ಸಡಿಲಾಗಿ ನೇತಾಡುತ್ತಿತ್ತು. ಅದನ್ನು ಹಾಗೇ ಮೇಲಕ್ಕೆ ತಳ್ಳಿ, ತನ್ನ ಕೋಟಿನೊಳಗೆ ಅವಳನ್ನು ಸೇರಿಸಿಕೊಂಡು ಎದ್ದಳು. ಗೂಡಿನೊಳಗೆ ಟಾರ್ಚ್ ಬಿಡಲಿಲ್ಲ. "ಬಿಡಬೇಕಿತ್ತಾ ಅತ್ತಿಗೆ?" ಅಂತ ನನ್ನನ್ನು ಎಷ್ಟೋ ಸಲ ಕೇಳಿದ್ದಾಳೆ. ಬಿಡದಿದ್ದದ್ದೇ ಒಳ್ಳೆಯದಾಯಿತು ಅಂತ ಪ್ರತಿ ಸಲವೂ ಹೇಳಿದ್ದೇನೆ.

ದೊಡ್ಡ ಹುಡುಗಿಯರ ತಾಯಂದಿರಿಬ್ಬರು ಶಿಬಿರದಲ್ಲೇ ಇದ್ದರು. ಉಳಿದವರನ್ನು ಅವರಿಗೆ ಒಪ್ಪಿಸಿ ಡೆಲ್ ಪಿಕಪ್ ತಂದ. ಹೀಟರ್ ಪೂರ್ತಿ ಹಾಕಿದ. ಪಕ್ಕದ ಸೀಟಿನಲ್ಲಿ ಆರ್ಡಿಸ್, ಅವಳ ಎದೆಗೆ ಒತ್ತಿಕೊಂಡು ಮಾರ್ನಿ. ಕಲ್ಲುದಾರಿ ಮುಗಿದು ಹೆದ್ದಾರಿ ಸಿಕ್ಕ ಮೇಲೆ ಹುಡುಗಿಗೆ ನಡುಕ ಬಂತು. ಹಲ್ಲು ಕಟಕಟ ಅನ್ನತೊಡಗಿದವು. ಅಷ್ಟು ಚೆಂದದ ಸದ್ದನ್ನು ತಾನು ಕೇಳಿಯೇ ಇಲ್ಲ ಅನ್ನುತ್ತಾಳೆ ಆರ್ಡಿಸ್.

ಆಮೇಲೆ ಮಾರ್ನಿ ಅಳೋಕೆ ಶುರು ಮಾಡಿದಳು. ಸದ್ದಿಲ್ಲದ ಅಳು.

"ಏನಾಯ್ತು ಕಂದಾ?"

"ಅವಳೊಬ್ಬಳೇ ಆಗ್ಬಿಟ್ಲು."

"ಯಾರು?"

"ನೀವು ಕೇಳ್ದಾಗ ಹೇಳಿದ್ಲಲ್ಲ... ನಂಗೆ ಮಾತು ಬರ್ತಿರ್ಲಿಲ್ಲ. 'ನೀನು ಸುಮ್ನಿರು, ನಾನು ಹೇಳ್ತೀನಿ' ಅಂದ್ಲು."

ಡೆಲ್ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಆರ್ಡಿಸ್ ಕೇಳಿದಳು, "ಅವಳು ಯಾವಾಗ ಬಂದ್ಲು?"

"ಬಂದಿದ್ದಲ್ಲ. ಅಲ್ಲೇ ಇದ್ಲು. ಜಾಗ ಇದೆಯಾ ಅಂದ್ಲು. ಇದೆ ಅಂದೆ."



ಮಾರ್ನಿ ಬದುಕಿದಳು. ಬೆಳಗಾಗುವಷ್ಟರಲ್ಲಿ ಆಸ್ಪತ್ರೆಯ ಸೂಪ್ ಚೆನ್ನಾಗಿಲ್ಲ ಅಂತ ಮುಖ ಸಿಂಡರಿಸಿದಳಂತೆ. ಬಲಗಾಲಿಗೆ ಏನೂ ಆಗಿರಲಿಲ್ಲ. ಬೆರಳುಗಳು ಆಗ ತಾನೇ ಬಿಸಿ ಹಬೆಯ ಸೌನಾದಿಂದ ಎದ್ದು ಬಂದವಳ ಹಾಗೆ ಕೆಂಪಗೆ, ಬೆಚ್ಚಗೆ. ಎಡಗಾಲಿನ ಎರಡು ಬೆರಳ ತುದಿ ಮಾತ್ರ ಉಳಿಯಲಿಲ್ಲ. ಡಾಕ್ಟರ್ ಎರಡೂ ಪಾದಗಳನ್ನು ತಿರುಗಿಸಿ ನೋಡಿ, "ಒಂದೇ ಚಳಿ, ಒಂದೇ ಸಾಕ್ಸು. ಹೀಗೆ ಆಗಬಾರದಲ್ಲ" ಅಂದರು.  ಮರುವರ್ಷದಿಂದ ಶಿಬಿರಕ್ಕೆ ಬೇರೆ ಜಾಗ ನೋಡಿದರು.

ಆ ಬೆಳಿಗ್ಗೆ ಆಸ್ಪತ್ರೆಯಿಂದ ಆರ್ಡಿಸ್ ಸೀದಾ ನನ್ನ ಮನೆಗೆ ಬಂದಳು. ಮಾರ್ನಿಯ ಬೂಟು ಒಣಗಿಸಬೇಕಿತ್ತು, ನನ್ನ ಅಡುಗೆಮನೆಯಲ್ಲಿ ಸೌದೆ ಒಲೆ ಇದೆ. ಸ್ಟೂಲಿನ ಮೇಲೆ ದಿನಪತ್ರಿಕೆ ಹಾಸಿ, ಬೂಟಿನ ನಾಲಿಗೆ ಹಿಂದಕ್ಕೆ ಎಳೆದು ಕೈ ಹಾಕಿದವಳು ನಾನೇ.

ಒಳಗೆ ಹುಲ್ಲಿತ್ತು.

ಕಾಡಿನ ಎಲೆಯಲ್ಲ, ಕಸವಲ್ಲ. ಜವುಗು ನೆಲದ ಉದ್ದನೆಯ ಹುಲ್ಲು. ಕೊಯ್ದು, ಒಣಗಿಸಿ, ಬಡಿದು ಮೆತ್ತಗೆ ಮಾಡಿ, ಉಂಗುರದ ಹಾಗೆ ತಿರುಚಿದ್ದು. ನನ್ನ ಅತ್ತೆಯ ಅಜ್ಜಿ ಫಿನ್‌ಲ್ಯಾಂಡಿನಿಂದ ಬಂದವರು. ಉಣ್ಣೆಯ ಸಾಕ್ಸು ಕೊಳ್ಳಲಾಗದ ಕಾಲದಲ್ಲಿ ಅವರು ಮಕ್ಕಳ ಬೂಟಿಗೆ ಹೀಗೆ ಹುಲ್ಲು ತುಂಬುತ್ತಿದ್ದರು ಅಂತ ನಮ್ಮತ್ತೆ ಹೇಳಿದ್ದನ್ನು ನಾನು ಕೇಳಿದ್ದೇನೆ. ಮಾಡಿದ್ದನ್ನು ಕಣ್ಣಾರೆ ಕಂಡವರು ನಮ್ಮೂರಿನಲ್ಲಿ ಈಗ ಯಾರೂ ಇಲ್ಲ. ಮಾರ್ನಿಯ ತಾಯಿ ಬಿಸಿಲುನಾಡು ಅರಿಜೋನಾದವಳು.

ನಾನು ವಿಜ್ಞಾನ ಓದಿದವಳು. ನಂಬಿ ಅಂತ ಯಾರನ್ನೂ ಕೇಳುವುದಿಲ್ಲ. ಆದರೆ ನಡೆದದ್ದು ನಡೆದದ್ದೇ. ಆರ್ಡಿಸ್ ನನ್ನ ಪಕ್ಕದಲ್ಲೇ ನಿಂತಿದ್ದಳು, ಅವಳೂ ನೋಡಿದಳು. ಬಲಗಾಲಿನ ಬೂಟಿನಲ್ಲಿ ಹುಲ್ಲು ಹಿಮ್ಮಡಿಯಿಂದ ಬೆರಳ ತುದಿಯವರೆಗೆ ಒತ್ತಾಗಿ, ಒಂದೆಳೆಯೂ ಕದಲದ ಹಾಗೆ ಕೂತಿತ್ತು. ಎಡಗಾಲಿನದರಲ್ಲಿ ಹಿಮ್ಮಡಿಯ ಸುತ್ತ ಮಾತ್ರ. ತುಂಬುತ್ತಿದ್ದ ಕೈ ಬೆರಳುಗಳ ಕಡೆಗೆ ಇನ್ನೂ ಬಂದಿರಲಿಲ್ಲ.